ಬಳೆಯ ಮಂತ್ರಕ್ಕೆ ಒಂದು ಮಹಜರು

ಹುಣಸೂರಿನ ಒಂದು ಬೀಜ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ನಾವು ಮೂವರು ಭಾನುವಾರದ ಮಧ್ಯಾಹ್ನ ಸೇರಿ ರಾಕ್ಷಸರನ್ನು ಕೊಲ್ಲುತ್ತೇವೆ. ಊಟ ಮುಗಿಸಿ ಎರಡು ಗಂಟೆಗೆ ಕೂತರೆ ಐದೂವರೆಯ ಎಚ್.ಡಿ. ಕೋಟೆ ಬಸ್ಸಿನವರೆಗೆ ಲೋಕದ ಪರಿವೆ ಇರುವುದಿಲ್ಲ. ಒಬ್ಬರು ಪಿರಿಯಾಪಟ್ಟಣದ ಬಸ್ ಕಂಡಕ್ಟರ್, ಇನ್ನೊಬ್ಬರು ಎಚ್.ಡಿ. ಕೋಟೆಯಲ್ಲಿ ನರ್ಸ್. ಮೂರನೆಯವನು ನಾನು, ಹೊಸ ಅಗ್ರಹಾರದ ಕಡೆ ಗ್ರಾಮ ಲೆಕ್ಕಿಗ. ಹುದ್ದೆಯ ಹೆಸರು ಈಗ ಬದಲಾಗಿದೆ, ಜನ ಮಾತ್ರ ಬದಲಾಯಿಸಿಲ್ಲ. ಮೂವರಿಗೂ ಹುಣಸೂರು ನಡುವೆ ಬೀಳುತ್ತದೆ.

ಆಟ ಸರಳ. ಆಡುವವರು ಹಾಳೆಯ ಮೇಲೆ ತಮಗೊಂದು ಪಾತ್ರ ಕಟ್ಟಿಕೊಳ್ಳುತ್ತಾರೆ, ನಾನು ಬಾಯಲ್ಲೇ ಕಥೆ ನಡೆಸುತ್ತೇನೆ, ಗೆದ್ದರೋ ಸತ್ತರೋ ಎಂಬುದನ್ನು ದಾಳ ಹೇಳುತ್ತದೆ. ನಿಯಮದ ಪುಸ್ತಕ ಇಂಗ್ಲಿಷಿನದು. ಅದನ್ನು ನಾನು ಒಂದು ಉದ್ದನೆಯ ನೋಟ್‌ಬುಕ್ಕಿಗೆ ಕನ್ನಡ ಮಾಡಿದೆ, ಮಾಡುವಾಗ ಕಚೇರಿಯ ಕೈ ಸುಮ್ಮನಿರಲಿಲ್ಲ. ‘ರಾಕ್ಷಸನು ಸರದಿಯ ಪ್ರಕಾರವೇ ಹೊಡೆಯತಕ್ಕದ್ದು’ ಎಂಬುದು ನನ್ನದೇ ವಾಕ್ಯ. ಇಲ್ಲಿ ರಾಕ್ಷಸರೂ ಅರ್ಜಿ ಎರಡು ಪ್ರತಿ ತರಬೇಕೇನೋ ಎಂದು ಕಂಡಕ್ಟರ್ ಕೇಳಿದ್ದರು.

ಆ ಭಾನುವಾರ ನರ್ಸ್ ಅವರ ಪಾತ್ರಕ್ಕೆ ಬಡ್ತಿ. ಅವರದು ಒಬ್ಬ ಅಂಬಿಗಿತ್ತಿ, ಹರಿಗೋಲು ನಡೆಸುವವಳು. ಮಂತ್ರ ತಂತ್ರ ಏನೂ ಕಲಿತವಳಲ್ಲ, ಆದರೆ ಪಾಳು ಗುಡಿಯೊಂದರಲ್ಲಿ ಸಿಕ್ಕ ಬಳೆಯೊಂದು ಅವಳ ಕೈಯಲ್ಲಿತ್ತು. ಅದನ್ನು ತೊಟ್ಟು ದಿನಕ್ಕೊಮ್ಮೆ ಹೊಳೆಯ ಮೇಲೆ ಮಂಜು ಎಬ್ಬಿಸಬಹುದು. ಬಡ್ತಿಯಲ್ಲಿ ಸಿಗುವ ಸಾಮರ್ಥ್ಯಗಳಲ್ಲಿ ಅವರು ‘ಸ್ಥಿರಮಂತ್ರ’ವನ್ನು ಆರಿಸಿದರು. ಅದಿದ್ದವರಿಗೆ ಪೆಟ್ಟು ಬಿದ್ದರೂ ಹಾಕಿದ ಮಂತ್ರ ಕಳಚುವುದಿಲ್ಲ. ಅಂದೇ ಹೊಳೆ ದಾಟಬೇಕಿತ್ತು. ಹೊಳೆಯಲ್ಲಿ ಮೂರು ತಲೆಯ ಮೊಸಳೆ. ಮಂಜು ನಿಂತರೆ ಉಳಿವು, ಕಳಚಿದರೆ ಹರಿಗೋಲಿನ ಸಮೇತ ಎಲ್ಲರೂ ಅದರ ಬಾಯಿಗೆ.

ಸ್ಥಿರಮಂತ್ರಕ್ಕೆ ಒಂದು ಷರತ್ತಿದೆ. ನನ್ನದೇ ಕೈಬರಹದಲ್ಲಿ: ‘ಪಾತ್ರಕ್ಕೆ ಕನಿಷ್ಠ ಒಂದು ಮಂತ್ರವನ್ನಾದರೂ ಪ್ರಯೋಗಿಸುವ ಶಕ್ತಿ ಇರತಕ್ಕದ್ದು.’

ಮಂಜು ಎಬ್ಬಿಸುವುದು ಮಂತ್ರವಲ್ಲವೇ, ಎಬ್ಬಿಸುವವಳು ನಾನಲ್ಲವೇ ಎಂದು ನರ್ಸ್ ಕೇಳಿದರು. ಆಗಲ್ಲ ಎಂದು ಕಂಡಕ್ಟರ್ ಅಡ್ಡ ಬಂದರು. ಅಣ್ಣನ ಪಾಸು ಜೇಬಲ್ಲಿಟ್ಟುಕೊಂಡು ತಮ್ಮ ಬಸ್ಸು ಹತ್ತಿದರೆ ಅವನನ್ನು ಪಾಸುದಾರ ಅನ್ನುವುದಿಲ್ಲ, ಇಪ್ಪತ್ತು ವರ್ಷದಿಂದ ಇಂಥವರನ್ನು ಇಳಿಸುತ್ತಾ ಬಂದಿದ್ದೇನೆ ಎಂಬುದು ಅವರ ವಾದ. ಪಾಸಿನಲ್ಲಿ ಹೆಸರಿರುತ್ತದೆ, ಬಳೆಯಲ್ಲಿ ಯಾರ ಹೆಸರಿದೆ ತೋರಿಸಿ ಎಂದು ನರ್ಸ್ ಎದ್ದೇ ನಿಂತರು. ಇಬ್ಬರೂ ತಿರುಗಿ ನನ್ನನ್ನು ನೋಡಿದರು.

ನನಗೆ ನರ್ಸ್ ಅವರನ್ನು ಕಂಡರೆ ಇಷ್ಟ, ಸುತ್ತಿ ಬಳಸಿ ಹೇಳುವುದೇನಿದೆ. ಅವರು ಮೆಟ್ಟಿಲು ಹತ್ತುವ ಸದ್ದಿಗೆ ನನ್ನ ತಲೆಯಲ್ಲಿದ್ದ ಅರ್ಧ ಕಥೆ ಹಾರಿಹೋಗುತ್ತದೆ. ಸತ್ತ ಪಾತ್ರದ ಹಾಳೆ ಹರಿಯಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹಿಂದೊಮ್ಮೆ ಅವರ ಬಿಲ್ಲುಗಾರ ಸತ್ತಾಗ ನಾಲ್ಕು ತಿಂಗಳು ಅವರು ಈ ಕಡೆ ತಲೆ ಹಾಕಿರಲಿಲ್ಲ. ಈ ಅಂಬಿಗಿತ್ತಿಯೂ ಹೋದರೆ ತಮ್ಮ ಆಟ ಮುಗಿಯಿತು ಎಂದು ಮೊದಲೇ ಹೇಳಿಟ್ಟಿದ್ದರು. ಹೂಂ ಅಂದರೆ ಪಕ್ಷಪಾತವೆಂದು ಕಂಡಕ್ಟರ್ ವರ್ಷವಿಡೀ ಹಾಡುತ್ತಾರೆ, ಇಲ್ಲ ಅಂದರೆ ಆಕೆ ಇನ್ನು ಬರುವುದಿಲ್ಲ. ಇಷ್ಟು ಪೇಚಿನಲ್ಲೂ ವಿಪರೀತ ಖುಷಿ ಆಗುತ್ತಿತ್ತು.

ದಿಕ್ಕು ತೋಚದಾಗ ಗ್ರಾಮ ಲೆಕ್ಕಿಗ ಮಾಡುವುದು ಒಂದೇ ಕೆಲಸ. ಸ್ಥಳ ಮಹಜರು ಮಾಡೋಣ ಅಂದುಬಿಟ್ಟೆ.

ಇಬ್ಬರೂ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನಾನು ಮಾತ್ರ ಬಿಳಿ ಹಾಳೆ ತೆಗೆದು ಬರೆಯತೊಡಗಿದ್ದೆ. ಸ್ಥಳ: ಹೊಳೆಯ ದಡ. ಚೆಕ್ಕುಬಂದಿ: ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ರಾಕ್ಷಸರ ಕಾಡು, ಉತ್ತರಕ್ಕೆ ಸುಟ್ಟ ಕೋಟೆ, ದಕ್ಷಿಣಕ್ಕೆ ಸಾಗುವಳಿಗೆ ಬಾರದ ಸರ್ಕಾರಿ ಖರಾಬು. ಆ ಲೋಕದಲ್ಲಿ ಯಾವ ಸರ್ಕಾರ ಎಂದು ನರ್ಸ್ ಕೇಳಿದರು. ಖರಾಬು ಇಲ್ಲದ ಲೋಕವನ್ನು ನಾನು ಈವರೆಗೆ ಕಂಡಿಲ್ಲ ಎಂದೆ. ಅವರು ಕಣ್ಣೊರೆಸಿಕೊಂಡು ಮತ್ತೆ ನಕ್ಕರು, ನನಗೆ ಅಷ್ಟಕ್ಕೇ ಬಡ್ತಿ ಸಿಕ್ಕಂತಾಯಿತು.

ಮಹಜರಿಗೆ ಸಾಕ್ಷಿಯಾಗಿ ಪಂಚರು ಬೇಕು, ಅವರಿಗೆ ವಿಷಯದಲ್ಲಿ ಲಾಭ ನಷ್ಟ ಇರಬಾರದು. ಕಥೆಯೊಳಗಿನ ದಡದ ಮೀನುಗಾರರನ್ನು ಕರೆಯೋಣವೆಂದರೆ ಅವರ ಬಾಯಿಯೂ ನನ್ನದೇ. ಇವರೇ ಸಾಕ್ಷಿ, ಇವರೇ ಸಾಹೇಬರು, ಇದು ಯಾವ ಸೀಮೆಯ ನ್ಯಾಯ ಎಂದರು ಕಂಡಕ್ಟರ್. ಸರಿ, ಕೆಳಗೆ ಅಂಗಡಿಯ ಯಜಮಾನರಿದ್ದಾರಲ್ಲ ಎಂದು ಹೊಳೆಯಿತು. ಹಣೆಗೆ ಮೂರು ಬೆರಳು ವಿಭೂತಿ, ಸಂಬಂಧವಿಲ್ಲದ ಮಾತಿಗೆ ಬಾಯಿ ಬಿಡದ ಮನುಷ್ಯ. ಕಂಡಕ್ಟರ್ ಇಳಿದುಹೋಗಿ ಕರೆತಂದರು. ಅವರು ಹಿಂಡಿಯ ಮೂಟೆಯೊಂದರ ಮೇಲೆ ಕೂತು, ಅಂಬಿಗಿತ್ತಿ, ಬಳೆ, ಮಂಜು, ಮೊಸಳೆ ಎಲ್ಲವನ್ನೂ ಜಮೀನಿನ ತಕರಾರು ಕೇಳುವ ಹಾಗೆ ಕೇಳಿಸಿಕೊಂಡರು. ಮೊಸಳೆಗೆ ತಲೆ ಮೂರಾದರೆ ಹೊಟ್ಟೆ ಎಷ್ಟು ಎಂದು ವಿಚಾರಿಸಿದರು. ಒಂದೇ ಎಂದೆ. ತಲೆದೂಗಿ, ನರ್ಸ್ ಕಡೆ ತಿರುಗಿದರು.

“ಬಳೆ ಬಿಚ್ಚಿಟ್ಬುಟ್ರೆ ನಿಮ್ಮ ಅಂಬಿಗಿತ್ತಿ ಕರೆದ್ರೆ ಮಂಜು ಬತ್ತದಾ, ಅವ್ವ?”

ಬರುತ್ತದೆ ಎಂದು ಅವರು ಹೇಳಬಹುದಿತ್ತು. ತೆಗೆದು ನೋಡಿದವರು ಯಾರೂ ಇರಲಿಲ್ಲ, ನಾನೂ ಆ ಮಾತನ್ನು ದಾಖಲಿಸಿಕೊಂಡು ಕೈ ತೊಳೆದುಕೊಳ್ಳುತ್ತಿದ್ದೆ. ಅವರು ತಮ್ಮ ಹಾಳೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿದರು.

“ಬರಕ್ಕಿಲ್ಲ,” ಅಂದರು.

“ಅಂಗಾರೆ ಮಂತ್ರ ಬಳೇದು ಕಣವ್ವ. ಅವಳ್ದಲ್ಲ.”

ಯಜಮಾನರು ಸಹಿ ಹಾಕಿದರು. ಕಂಡಕ್ಟರ್ ಹಾಕಿದರು, ಗೆದ್ದವರ ಮುಖ ಅವರದಾಗಿರಲಿಲ್ಲ. ನರ್ಸ್ ತಾವೇ ಪೆನ್ನು ಕೇಳಿ ಪಡೆದು ಹಾಕಿದರು. ಕೆಳಗೆ ನಾನು ‘ಷರತ್ತು ಪೂರೈಸಿರುವುದಿಲ್ಲ’ ಎಂದು ಬರೆದು ಸಹಿ ಹಾಕಿದೆ. ವಾರಕ್ಕೆ ಹತ್ತು ಸಲ ಬರೆಯುವ ವಾಕ್ಯ, ಆವತ್ತು ಅಕ್ಷರಗಳು ಸೊಟ್ಟಗಾದವು. ಅವರು ಬ್ಯಾಗಿನ ಜಿಪ್ಪು ಎಳೆದಾಗ, ಹೋಯಿತು, ಇನ್ನು ಬರುವುದಿಲ್ಲ ಎಂದುಕೊಂಡೆ. ನೀರಿನ ಬಾಟಲಿ ತೆಗೆದು ನಾಲ್ಕು ಗುಟುಕು ಕುಡಿದರು, ಅಷ್ಟೇ. ಹಾಗೆಯೇ ಮಹಜರನ್ನು ದಿಟ್ಟಿಸುತ್ತಾ ಕೂತರು. ಒಂದು ಹುಬ್ಬು ನಿಧಾನವಾಗಿ ಮೇಲಕ್ಕೆ ಹೋಯಿತು.

ಮಂತ್ರ ಬಳೆಯದು ಎಂದು ನಾಲ್ಕು ಜನ ಸಹಿ ಹಾಕಿದ್ದೇವೆ ತಾನೇ, ಎಂದು ಕೇಳಿದರು. ಹೌದು. ಹಾಗಾದರೆ ಬಳೆ ಯಾರ ಕೈಯಲ್ಲಿದ್ದರೂ ಮಂಜು ಏಳಬೇಕು ತಾನೇ? ನಾನು ನೋಟ್‌ಬುಕ್ ತಿರುವಿದೆ. ಏಳತಕ್ಕದ್ದು. ಕಂಡಕ್ಟರ್ ಅವರ ಪಾತ್ರ ಕಬ್ಬಿಣದ ಅಂಗಿ ತೊಟ್ಟ ಪೂಜಾರಿ. ಅವನಿಗೆ ಮಂತ್ರಗಳು ಸ್ವಂತಕ್ಕೇ ಬರುತ್ತವೆ, ಸ್ಥಿರಮಂತ್ರವನ್ನು ಹಿಂದಿನ ಬಡ್ತಿಯಲ್ಲೇ ಪಡೆದಿದ್ದ. ಮಂಜು ಎಬ್ಬಿಸುವ ಮಂತ್ರ ಮಾತ್ರ ಅವನಲ್ಲಿರಲಿಲ್ಲ.

ನರ್ಸ್ ತಮ್ಮ ಎಡಗೈಯ ಗಾಜಿನ ಬಳೆಯೊಂದನ್ನು ನಿಜವಾಗಿಯೇ ಕಳಚಿ ಮೇಜಿನ ಮೇಲೆ ಜಾರಿಸಿದರು. “ತಕಳಿ ಕಂಡಕ್ಟ್ರೇ. ಪಾಸು ನಿಮ್ಮೆಸ್ರಿಗೇ ಬರ್ಸಿವ್ನಿ.”

ಟಿಕೆಟ್ ಮಿಷನ್ ಹಿಡಿದು ದಪ್ಪವಾದ ಆ ಕೈಯಲ್ಲಿ ಬಳೆ ಬೆರಳಿನ ಗಂಟನ್ನೂ ದಾಟಲಿಲ್ಲ. ಮೂರು ಬೆರಳಿಗೆ ಸಿಕ್ಕಿಸಿಕೊಂಡೇ ಅವರು ಹೊಳೆಗೆ ಇಳಿದರು. ನನಗೆ ಕೂಗಬೇಕು ಅನ್ನಿಸಿತು. ಇಷ್ಟು ದಿನ ಈ ನೋಟ್‌ಬುಕ್ಕನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದ ನನಗೆ ಇದು ಹೊಳೆದಿರಲಿಲ್ಲ. ಮಂಜು ಎದ್ದಿತು. ಕೆಳಗೆ ಗಿರಾಕಿ ಕೂಗುತ್ತಿದ್ದರೂ ಯಜಮಾನರು ಮೂಟೆ ಬಿಟ್ಟು ಏಳಲಿಲ್ಲ, ಹರಿಗೋಲು ದಡ ಮುಟ್ಟಿದ ಮೇಲೆಯೇ ಹೋಗುತ್ತೇನೆ ಎಂದರು.

ಮೊಸಳೆಯ ಮೊದಲ ಪೆಟ್ಟು ಮಂಜು ಎಬ್ಬಿಸಿದವರ ಮೇಲೆ ಎಂದು ನಾನು ವಾರದ ಹಿಂದೆಯೇ ಬರೆದಿಟ್ಟಿದ್ದೆ. ಹತ್ತು ಹನ್ನೆರಡರ ಪೆಟ್ಟು ಬಿದ್ದೀತು, ತಡೆದುಕೊಳ್ಳುತ್ತಾರೆ ಎಂದು ನನ್ನ ಅಂದಾಜು. ದಾಳ ಎಸೆದೆ. ಒಂದೊಂದೂ ಉರುಳಿ ಉರುಳಿ ದೊಡ್ಡ ಸಂಖ್ಯೆಯನ್ನೇ ಮೇಲೆ ಮಾಡಿ ನಿಂತವು. ಇಪ್ಪತ್ತಾರು. ಕಬ್ಬಿಣದ ಪೂಜಾರಿಗೆ ಇಪ್ಪತ್ತೆಂಟು ಅಂಕದ ಪ್ರಾಣವಿತ್ತು, ಎರಡು ಉಳಿಯಿತು. ಮಂಜು ಕಳಚಲಿಲ್ಲ. ಆ ಮಂಜಿನಲ್ಲಿ ಅಂಬಿಗಿತ್ತಿ ಒಂದೇ ಉಸಿರಿಗೆ ಹುಟ್ಟು ಹಾಕಿ ಆಚೆ ದಡ ಮುಟ್ಟಿಸಿದಳು. ನಾಲ್ವರೂ ಎದ್ದು ನಿಂತಿದ್ದೆವು.

ನರ್ಸ್ ಅವರನ್ನು ಬಸ್ಸಿಗೆ ಬಿಡಲು ನಾನೂ ಕೆಳಗಿಳಿದೆ. ಮೆಟ್ಟಿಲ ಬುಡದಲ್ಲಿ ಅವರು ನಿಂತು ಕೈಯಲ್ಲಿದ್ದ ತಮ್ಮ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಅಂಬಿಗಿತ್ತಿಯ ಪ್ರಾಣದ ಅಂಕ ಎಂಬಲ್ಲಿ ಹತ್ತೊಂಬತ್ತು ಎಂದಿತ್ತು.

“ನೀವು ಹೂಂ ಅಂದಿದ್ರೆ,” ಅಂದರು, “ಇವತ್ತು ಸತ್ತೋಗಿರ್ತಿದ್ದೆ ಕಣ್ರೀ.”