ಕಿವಿಯಣ್ಣ ತಲೆಯಾಡಿಸಿದ ಮೋಟಾರು

ಯುದ್ಧನೌಕೆಯ ಪ್ರೊಪೆಲ್ಲರು ತಿರುಗಿಸುವ ವಿದ್ಯುತ್ ಮೋಟಾರು ಗುಡುಗಬಾರದು, ಗೊರಕೆಯನ್ನೂ ಹೊಡೆಯಬಾರದು. ಸದ್ದು ನೀರಿಗಿಳಿದರೆ ಶತ್ರುವಿಗೆ ನಾವೇ ವಿಳಾಸ ಕೊಟ್ಟ ಹಾಗೆ. ಸದ್ದು ಅಳೆಯುವ ಯಂತ್ರಗಳು ಅಂಥ ಮೋಟಾರು ತಯಾರಿಸುವ ಆ ಕಾರ್ಖಾನೆಯ ಪರೀಕ್ಷಾ ಶೆಡ್ಡಿನಲ್ಲಿ ಬೇಕಾದಷ್ಟಿದ್ದವು. ಆದರೂ ಎಲ್ಲರೂ ಕಿವಿಯಣ್ಣ ಎಂದು ಕರೆಯುತ್ತಿದ್ದ ಹಳೆಯ ಕೆಲಸಗಾರ ಬಂದು, ಉಕ್ಕಿನ ಸಲಾಕೆಯ ಒಂದು ತುದಿಯನ್ನು ಬೇರಿಂಗಿಗೂ ಇನ್ನೊಂದನ್ನು ಕಿವಿಗೂ ಇಟ್ಟು, ಕಣ್ಣು ಮುಚ್ಚಿ, ಸರಿಯಿದೆ ಎಂದು ತಲೆಯಾಡಿಸುವವರೆಗೆ ಯಾರಿಗೂ ಸಮಾಧಾನವಿರಲಿಲ್ಲ.

ಆ ಕಿವಿ ಮಂದವಾಗಿ ವರ್ಷಗಳೇ ಆಗಿದ್ದವು. ಆಯುಸ್ಸೆಲ್ಲ ಮೋಟಾರುಗಳ ಪಕ್ಕ ಕಳೆದವನಿಗೆ ಇನ್ನೇನಾದೀತು? ಮನೆಯಲ್ಲಿ, ಬಾಯೊಳಗೇ ಗೊಣಗಬೇಡ ಎಂದು ಹೆಂಡತಿಯ ಮೇಲೆ ರೇಗುತ್ತಿದ್ದ. ಶೆಡ್ಡಿನಲ್ಲಿ ಅಳತೆಯ ಮುಳ್ಳನ್ನು ಓರೆಗಣ್ಣಲ್ಲಿ ನೋಡಿಕೊಂಡೇ ಸಲಾಕೆ ಎತ್ತುತ್ತಿದ್ದ. ಯಾರಾದರೂ ಹೊಗಳಿದರೆ ಕದ್ದ ಅಂಗಿ ತೊಟ್ಟವನಂತೆ ಮುದುಡುತ್ತಿದ್ದ. ಆದರೂ ಬಾಯಿ ಬಿಡಲಿಲ್ಲ. ಕಿವಿ ಹೋದರೆ ಕಿವಿಯಣ್ಣನಲ್ಲಿ ಉಳಿಯುವುದಾದರೂ ಏನು?

ನೌಕಾಪಡೆಯವರು ಹೊಸ ಮೋಟಾರು ನೋಡಲು ಬಂದ ದಿನ ಸ್ವಿಚ್ಚಿನ ಬಳಿ ನಿಂತಿದ್ದವನು ಅವನ ಹೆಂಡತಿಯ ತಮ್ಮ. ಮೋಟಾರಿಗೆ ತಂಪು ಗಾಳಿ ಹೊಡೆಯುವ ಫ್ಯಾನುಗಳು ಆಗಲೇ ಓಡುತ್ತಿದ್ದವು, ಅದರ ಮೈ ಸಣ್ಣಗೆ ನಡುಗುತ್ತಿತ್ತು. ತಿರುಗುವ ಭಾಗವೆಲ್ಲ ಮುಚ್ಚಳದೊಳಗೆ. ಅತಿಥಿಗಳು ಅಡ್ಡ ನಿಂತಿದ್ದರಿಂದ ಮುಳ್ಳೂ ಕಾಣಲಿಲ್ಲ. ಕಿವಿಯಣ್ಣ ಸಲಾಕೆ ಇಟ್ಟ, ಕಣ್ಣು ಮುಚ್ಚಿದ, ತಲೆಯಾಡಿಸಿದ.

"ಬೆಣ್ಣೆ ಥರ ಓಡ್ತಿದೆ" ಎಂದ.

ಮೋಟಾರನ್ನು ಇನ್ನೂ ಶುರುವೇ ಮಾಡಿರಲಿಲ್ಲ.

ಕಣ್ಣು ಬಿಟ್ಟಾಗ ಎಲ್ಲರೂ ನಗುತ್ತಿದ್ದರು. ಭಾವನದು ಬರೀ ತಮಾಷೆ ಎಂದು ಭಾಮೈದ ಮಾತು ತೇಲಿಸಿದ್ದ, ಅತಿಥಿಗಳು ನಂಬಿದ್ದರು. ಭಾಮೈದ ಮಾತ್ರ ನಗುತ್ತಿರಲಿಲ್ಲ. ಅವನ ಕಣ್ಣಲ್ಲಿದ್ದ ಕನಿಕರ ಕಂಡು, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ಕಿವಿಯಣ್ಣನಿಗೆ.

ಆಮೇಲೆ ಮೋಟಾರು ನಿಜಕ್ಕೂ ಶುರುವಾಯಿತು. ಸಲಾಕೆ ಮತ್ತೆ ಕಿವಿಗೆ ಬಂತು. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ, ಅದೇ ನಡುಕ, ಅದೇ ಮೌನ. ಒಮ್ಮೆ ತಲೆಯಾಡಿಸಿದ್ದರೆ ಮಾನ ಉಳಿಯುತ್ತಿತ್ತು, ಮೋಟಾರು ಹಡಗೇರುತ್ತಿತ್ತು. ಒಳಗೆ ದೋಷವಿದ್ದರೆ ಅದೂ ಜೊತೆಗೇ ಏರುತ್ತಿತ್ತು. ಹಡಗಿನ ತುಂಬ ಯಾರೋ ಹೆತ್ತ ಮಕ್ಕಳು. ಕುತ್ತಿಗೆ ಅಲ್ಲಾಡಲಿಲ್ಲ.

ಭಾಮೈದನನ್ನು ಕೈಸನ್ನೆ ಮಾಡಿ ಕರೆದ. ಸಲಾಕೆಯನ್ನು ಅವನ ಕೈಗಿಟ್ಟು, ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಅವನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ.

"ನೀನೇ ಕೇಳಪ್ಪ. ನಂಗೆ ಕಿವಿ ಕೇಳಲ್ಲ."

ಪಿಸುಗುಟ್ಟಿದೆ ಎಂದೇ ಅವನು ತಿಳಿದಿದ್ದ. ತಲೆ ಎತ್ತಿ ನೋಡಿದರೆ, ಶೆಡ್ಡಿನ ಆ ಕೊನೆಯಲ್ಲಿ ಬೋಲ್ಟು ಬಿಗಿಯುತ್ತಿದ್ದವರೂ ಕೆಲಸ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು.