ಕಾರೆಹುಂಡಿಯ ಹನ್ನೊಂದು ಒಲೆ

ಹೆಗ್ಗಡದೇವನಕೋಟೆಯ ಕಾಡಂಚಿನ ಕಾರೆಹುಂಡಿಗೆ ನಾನು ಶಾನುಭೋಗ. ಅಲ್ಲಿಗೆ ಹೊರಡುವ ದಿನಗಳಲ್ಲಿ ನನ್ನ ಹೆಂಡತಿ ಎಲೆಗೆ ಮೊದಲು ಕ್ವಿನೈನ್ ಗುಳಿಗೆ ಬಡಿಸುತ್ತಿದ್ದಳು, ಆಮೇಲೆ ಉಪ್ಪು. ಆ ಊರಿನ ಚಳಿಜ್ವರಕ್ಕೆ ನಾನು ಅಷ್ಟು ಹೆದರಿದ್ದೆ. ಊರಿನವರು ನನಗಿಂತ ಧೈರ್ಯವಂತರು. ಹೆದರಿ ಓಡಿಯೇ ಹೋದರು. ಕೊಡಗಿನ ಕಾಫಿ ತೋಟದ ಮೇಸ್ತ್ರಿ ಬಂದು ಕೂಲಿಯೂ ಉಂಟು, ಗುಳಿಗೆಯೂ ಉಂಟು ಎಂದ. ಎರಡೇ ವರ್ಷದಲ್ಲಿ ಹನ್ನೊಂದು ಮನೆಯಲ್ಲಿ ಹತ್ತಕ್ಕೆ ಬೀಗ ಬಿತ್ತು.

ಆ ಹತ್ತೂ ಬೀಗದ ಕೈ ಸಣ್ಣತಾಯಮ್ಮನ ಸೊಂಟದಲ್ಲಿದ್ದವು. ಐವತ್ತು ದಾಟಿದ ವಿಧವೆ. ಮಗ ಚಲುವಯ್ಯ, ಸೊಸೆ, ಇಬ್ಬರೂ ಕೊಡಗಿನಲ್ಲೇ.

"ನೀನೂ ಹೋಗಬಾರದಾ?" ಎಂದರೆ, "ನಾನೂ ಒಂಟೋದ್ರೆ ಅವ್ರು ಎಲ್ಲಿಗೆ ಬಂದಾರು ಬುದ್ದಿ?" ಎನ್ನುತ್ತಿದ್ದಳು.

ದೀಪ ಹಚ್ಚುವವರಿಲ್ಲದ ಊರನ್ನು ಬೇಚರಾಕ್ ಎಂದು ಬರೆದು, ಖಾಲಿ ಬಿದ್ದ ಮನೆ, ಹೊಲಗಳನ್ನು ಕಾಡಿಗೆ ಸೇರಿಸುವ ಮಾತು ಕಚೇರಿಯಲ್ಲಿ ಎದ್ದಿತು. ಅಮಲ್ದಾರರು ಖುದ್ದು ನೋಡಲು ಬರುವುದೆಂದಾಯಿತು. ಹಿಂದಿನ ದಿನ ತಿಳಿಸಲು ಹೋದೆ. ಅವಳು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು. ನಾನು ಅಂಗಳದಲ್ಲೇ ನಿಂತೆ.

"ನಿನ್ನ ಒಂದು ಒಲೆ ಸಾಕು ತಾಯಮ್ಮ, ಊರಿನ ಹೆಸರು ಉಳಿಯುತ್ತೆ. ಜ್ವರ ಇದೆ ಅಂತ ಹೇಳು. ಗುಳಿಗೆ ಕೊಟ್ಟು ಆಸ್ಪತ್ರೆಯ ಡ್ರೆಸರ್‌ನ ಕಳಿಸ್ತಾರೆ."

"ಎಸ್ರು ಉಳೀತದೆ. ಮಿಕ್ಕೋರ ಮನೆ? ಅವ್ರು ಬಂದು ಕೇಳಿದ್ರೆ ಕಾಡು ತೋರ್ಸ್ಲಾ? ನೀವು ಸುಮ್ಕಿರಿ ಬುದ್ದಿ. ನಿಮ್ ಕೈಲಾಗೋದು ಅದೊಂದೇಯ."

ಮಾರನೆಯ ಬೆಳಿಗ್ಗೆ ಹನ್ನೊಂದು ಸೂರಿನಿಂದಲೂ ಹೊಗೆ ಏಳುತ್ತಿತ್ತು. ಹನ್ನೊಂದು ಹೊಸಿಲಿಗೂ ಸಾರಿಸಿ ರಂಗೋಲಿ. ಅಮಲ್ದಾರ್ ವೀರಭದ್ರಸ್ವಾಮಿಗಳು ಕುದುರೆಯಿಂದ ಇಳಿಯದೆ ಕೇಳಿದರು, "ಜನ ಎಲ್ರೀ ಶಾನುಭೋಗರೇ?"

"ಹೊಲಕ್ಕೆ ಹೋಗಿದ್ದಾರೆ ಸ್ವಾಮಿ." ನನ್ನ ಬಾಯಿಂದಲೇ ಬಂತು.

"ಜ್ವರಗಿರ?"

ಸಣ್ಣತಾಯಮ್ಮ ಕಂಬವನ್ನು ತಬ್ಬಿ ನಿಂತಿದ್ದಳು; ಅವಳ ನಡುಕಕ್ಕೆ ಸೊಂಟದ ಬೀಗದ ಕೈಗಳು ಸಣ್ಣಗೆ ಗಿಲಗಿಲ ಎನ್ನುತ್ತಿದ್ದವು. "ನಮ್ಮೂರ್ನಲ್ಲಾ? ಯಾರ್ಗೂ ಇಲ್ಲ ಬುದ್ದಿ. ಜ್ವರ ಇದ್ರೆ ಜನ ಇದ್ದಾರಾ?"

ನಾನು ಆಕಾಶ ನೋಡಿದೆ.

"ಭೇಷ್!" ಎಂದರು ಅಮಲ್ದಾರರು. "ಹನ್ನೊಂದು ಮನೆ, ಒಬ್ಬರಿಗೂ ಜ್ವರವಿಲ್ಲ. ಡ್ರೆಸರ್ ಇಲ್ಲಿಗೆ ಬಂದು ಏನು ಮಾಡಬೇಕು? ಬೇರೆ ಊರಿಗೆ ಹೋಗಲಿ."

ಕುದುರೆ ಮರೆಯಾದ ಮೇಲೆ ಜೇಬು ತಡಕಿದೆ. ಆರು ಗುಳಿಗೆ ಇದ್ದವು. ಮೂರು ಅವಳಿಗೆ ಕೊಟ್ಟೆ, ಮೂರು ಇಟ್ಟುಕೊಂಡೆ. ವಾಪಸು ಹನ್ನೆರಡು ಮೈಲಿ ದಾರಿ ನೋಡಿ.

ಹತ್ತನೆಯ ದಿನ ಅವಳು ತೀರಿಹೋದಳು. ಸುದ್ದಿ ಮುಟ್ಟಿ ಬಂದ ಚಲುವಯ್ಯ ಹನ್ನೊಂದು ಮನೆಯನ್ನೂ ತೆರೆದು ನೋಡಿದ. ಒಂದೊಂದು ಒಲೆಯಲ್ಲೂ ಹಿಡಿ ಬೂದಿ. ಮೂರು ದಿನಕ್ಕೆ ಅವನಿಗೂ ಚಳಿ ಹತ್ತಿತು. ತನ್ನ ಮನೆಯದೂ ಸೇರಿಸಿ ಬೀಗದ ಕೈ ಗೊಂಚಲನ್ನು ನನ್ನ ಜಗುಲಿಯ ಮೇಲಿಟ್ಟು, "ಬತ್ತೀವಿ ಬುದ್ದಿ, ಮಡಗಿರಿ" ಎಂದು ಕೊಡಗಿನ ದಾರಿ ಹಿಡಿದ.

ಏಳು ವರ್ಷವಾಯಿತು. ನಾಳೆ ಹೊಸ ಅಮಲ್ದಾರರು ಕಾರೆಹುಂಡಿ ನೋಡಲು ಬರುತ್ತಾರಂತೆ. ಗಾಡಿಗೆ ಸೌದೆ, ಬೆರಣಿ ಹೇರಿಸಿದ್ದೇನೆ. ಹೆಂಡತಿ ಏನೂ ಕೇಳದೆ ಗುಳಿಗೆ ಕಟ್ಟಿಕೊಡುತ್ತಿದ್ದಾಳೆ. ರಂಗೋಲಿ ಹಾಕುವುದು ಮಾತ್ರ ನನಗೆ ಬರುವುದಿಲ್ಲ.