ತಿರುಪು ಬಿಗಿ ಮಾಡಿದ್ದೆನೋ ಇಲ್ಲವೋ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಯಮತ್ತೂರಿನ ಪೀಳಮೇಡಿನ ಒಂದು ಮನೆಯ ಹಿತ್ತಲಲ್ಲಿ, ತಗಡಿನ ಶೆಡ್ಡಿನೊಳಗೆ, ಚೆನ್ನಿಯಪ್ಪ ಬಗ್ಗಿ ನಿಂತು ಗೊಣಗುತ್ತಿದ್ದಾರೆ. ಎದುರಿಗೆ ಮೇಜಿನ ಮೇಲೆ, ಲೋಹದ ತುಂಡನ್ನು ತಿರುಗಿಸಿ ಕಡೆಯುವ ಒಂದು ಪುಟ್ಟ ಲೇತ್. ಇಬ್ಬರು ಸೇರಿದರೆ ಎತ್ತಿಬಿಡಬಹುದು, ಅಷ್ಟೇ ದೊಡ್ಡದು. ನಿನ್ನೆ ಆಯುಧಪೂಜೆ. ಅದರ ಮೈಮೇಲೆಲ್ಲ ಗಂಧ, ಕುಂಕುಮ, ಬಾಡಿದ ಸೇವಂತಿಗೆ. ಬೆಡ್ಡಿನ ಮೇಲೆ, ಅಂದರೆ ನುಣುಪಾಗಿರಬೇಕಾದ ಉದ್ದನೆಯ ಕಬ್ಬಿಣದ ಪೀಠದ ಮೇಲೆಯೇ, ಕುಯ್ದ ನಿಂಬೆಹಣ್ಣಿನ ಹೋಳು.

"ಅಮ್ಮಾ, ನಿಂಬೆಹಣ್ಣು ಕೇಳಿದ್ದು ದೇವರು, ಲೇತ್ ಅಲ್ಲ," ಎನ್ನುತ್ತಾರೆ. "ವರ್ಷವೆಲ್ಲ ಆಗದ ಕೇಡು ಈ ಊರಿನ ಮಷೀನುಗಳಿಗೆ ಪೂಜೆ ದಿನ ಒಂದೇ ರಾತ್ರೀಲಿ ಆಗುತ್ತೆ. ನೋಡಿ, ಹುಳಿ ಬಿದ್ದ ಕಡೆ ಆಗಲೇ ಕೆಂಪಗಾಗಿದೆ."

"ಕೇಡಾಗದಿದ್ರೆ ನಿಮ್ಮ ಹೊಟ್ಟೆ ನಡೆಯೋದು ಹೇಗಣ್ಣಾ? ದೇವರು ಎಲ್ಲಾ ಯೋಚನೆ ಮಾಡೇ ನಿಂಬೆಹಣ್ಣು ಮಾಡಿರೋದು," ಎಂದು ಕಾಫಿ ಲೋಟ ಮುಂದೆ ಹಿಡಿಯುತ್ತಾರೆ ಕುಮುದವಲ್ಲಿ. ಬ್ಯಾಂಕಿನಿಂದ ನಿವೃತ್ತರಾದವರು. ಈಗ ಹಗಲೆಲ್ಲ ಹಿತ್ತಾಳೆ ಕಡೆಯುತ್ತಾರೆ.

ಪಂಪು, ಮೋಟಾರುಗಳ ಈ ಊರಿನಲ್ಲಿ ಕಬ್ಬಿಣದ ಹುಚ್ಚು ನಿವೃತ್ತಿಯ ಜೊತೆ ಮುಗಿಯುವುದಿಲ್ಲ. ಕೆಲವರು ಹಿತ್ತಲಲ್ಲೊಂದು ಚಿಕ್ಕ ಲೇತ್ ಇಟ್ಟುಕೊಂಡು ಊಟದ ಕ್ಯಾರಿಯರ್‌ನಷ್ಟು ಗಾತ್ರದ ಆಯಿಲ್ ಎಂಜಿನ್ ಮಾಡುತ್ತಾರೆ. ನಿಜವಾದ ಎಂಜಿನ್ನು, ಎಣ್ಣೆ ಹಾಕಿದರೆ ತಟತಟ ಎಂದು ಓಡುತ್ತದೆ. ಭಾನುವಾರ ಯಾರಾದರೊಬ್ಬರ ಜಗಲಿಯಲ್ಲಿ ಎಲ್ಲರೂ ತಂದಿಟ್ಟು ಓಡಿಸುತ್ತಾರೆ, ಬೋಂಡಾ ತಿನ್ನುತ್ತಾರೆ, ಒಬ್ಬರನ್ನೊಬ್ಬರು ಹೊಗಳುತ್ತಾರೆ, ಒಳಗೊಳಗೇ ಹೊಟ್ಟೆ ಉರಿದುಕೊಳ್ಳುತ್ತಾರೆ. ಆ ಎಂಜಿನ್ ಕಡೆದ ಲೇತನ್ನು ನೆಟ್ಟಗಿಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಒಂದೇ. ಹಳೆಯ ಮೊಪೆಡ್ಡಿನಲ್ಲಿ ಚೀಲ ನೇತುಹಾಕಿಕೊಂಡು ಸುತ್ತುವ ಈ ಅರವತ್ತರ ಚೆನ್ನಿಯಪ್ಪ.

ಇಂಥ ಪುಟ್ಟ ಲೇತುಗಳನ್ನೇ ಮಾಡುತ್ತಿದ್ದ ಕಾರ್ಖಾನೆಯೊಂದರಲ್ಲಿ ಅವರು ಬೆಡ್ ಹೆರೆಯುವ ಕೆಲಸದಲ್ಲಿದ್ದರು. ಸಮತಟ್ಟು ಹಲಗೆಗೆ ನೀಲಿ ಬಣ್ಣ ಬಳಿದು ಬೆಡ್ಡಿನ ಮೇಲೆ ಉಜ್ಜುವುದು. ನೀಲಿ ಹತ್ತಿದ ಕಡೆ ಉಬ್ಬು ಇದೆಯೆಂದು ಅರ್ಥ. ಅಲ್ಲಿ ಉಳಿಯಿಂದ ಒಂದಿಷ್ಟೇ ಕೆರೆಯುವುದು, ಮತ್ತೆ ಬಳಿಯುವುದು, ಮತ್ತೆ ಕೆರೆಯುವುದು. ಕಾರ್ಖಾನೆ ಮುಚ್ಚಿತು. ಮುಚ್ಚಿದ ದಿನ ಬೇರೆಯವರು ಬಾಕಿ ಸಂಬಳಕ್ಕೆ ಜಗಳಾಡುತ್ತಿದ್ದರೆ ಇವರು ತಮ್ಮ ಉಳಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ಮನೆಗೆ ಬಂದರಂತೆ. "ಅದಕ್ಕೇ ನನ್ನ ಹೆಂಡತಿ ಇವತ್ತಿಗೂ ನನ್ನನ್ನ ಬುದ್ಧಿವಂತ ಅಂತ ಕರೆಯೋದು," ಎಂದು ನಗುತ್ತಾರೆ.

ಕುಮುದವಲ್ಲಿಯವರ ಬೆಡ್ಡಿನ ತುಕ್ಕು ಹೋಯಿತು. ಎಣ್ಣೆ ಹಾಕಿದ್ದಾಯಿತು. ಈಗ ಕರೆದಿದ್ದಕ್ಕಿಂತ ಹೆಚ್ಚಿನ ಕೆಲಸ ಶುರು. ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಭಾರದ ಗುಂಡು ಭಾಗಕ್ಕೆ ಚಕ್ ಎನ್ನುತ್ತಾರೆ. ಚಿಕ್ಕ ಲೇತುಗಳಲ್ಲಿ ಅದು ಬಾಟಲಿಗೆ ಮುಚ್ಚಳ ತಿರುಗಿಸಿದ ಹಾಗೆ ಕೂತಿರುತ್ತದೆ. ಮುಂದಕ್ಕೆ ತಿರುಗಿದಷ್ಟೂ ಬಿಗಿ. ಹಿಂದಕ್ಕೆ ತಿರುಗಿಸಿದರೆ ಮುಚ್ಚಳದಂತೆಯೇ ಬಿಚ್ಚಿಕೊಂಡು ಹಾರುತ್ತದೆ. ಆದರೂ ತಿರುಪಿನ ಸುತ್ತುಗೆರೆ ಕೊರೆಯುವಾಗ ಅನುಕೂಲ ಎಂದು ಎಲ್ಲರಿಗೂ ಹಿಂದಕ್ಕೆ ತಿರುಗಿಸುವ ಸ್ವಿಚ್ ಬೇಕು. ಚೆನ್ನಿಯಪ್ಪನೇ ಮನೆಮನೆಗೂ ಹಾಕಿಕೊಟ್ಟಿದ್ದಾರೆ. ಚಕ್ ಜಾರದಂತೆ ಅದರ ಪಕ್ಕಕ್ಕೆ ತೂತು ಕೊರೆದು, ಹಿತ್ತಾಳೆ ಮೂತಿಯ ಒಂದು ತಿರುಪನ್ನೂ ಬಿಗಿ ಮಾಡಿದ್ದಾರೆ.

ಈಗ ಅದೇ ಮನೆಗಳಿಗೆ ಮತ್ತೆ ಹೋಗಿ, ಯಾರೂ ಕೇಳದೆ, ಎರಡನೆಯ ತಿರುಪು ಹಾಕುತ್ತಿದ್ದಾರೆ. ಸ್ವಿಚ್ಚನ್ನು ಚಕ್ಕಿನ ಎದುರಿನಿಂದ ತೆಗೆದು ಪಕ್ಕಕ್ಕೆ ಸರಿಸುತ್ತಿದ್ದಾರೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡಬೇಕು, ಕೈಬಿಟ್ಟರೆ ನಿಲ್ಲಬೇಕು, ಅಂಥ ಸ್ವಿಚ್ಚು. ಕೂಲಿ ಮುಟ್ಟುವುದಿಲ್ಲ.

"ಇದೇನಣ್ಣಾ ಹೊಸ ದಾನಧರ್ಮ?" ಎಂದು ಕುಮುದವಲ್ಲಿ ಕೆಣಕುತ್ತಾರೆ.

"ಪೂಜೆ ಉಡುಗೊರೆ ಅಂದ್ಕೊಳ್ಳಿ."

"ಎಲ್ಲರ ಮನೆಗೂ ಉಡುಗೊರೆ ಕೊಟ್ರಿ. ಅರಂಗಸ್ವಾಮಿ ಮೇಷ್ಟ್ರ ಮನೆಗೆ ಯಾವಾಗ? ಅವರ ಕೈಗೆ ಏಟಾದಾಗಿಂದ ನೀವು ಆ ಬೀದಿ ತುಳಿದಿಲ್ಲ. ಕೇಳಿದ್ರಾ? ನಾಳೆ ಗುಜರಿಯವನನ್ನ ಬರಹೇಳಿದಾರಂತೆ. ಲೇತನ್ನ ತೂಕಕ್ಕೆ ಹಾಕ್ತಾರಂತೆ."

ಚೆನ್ನಿಯಪ್ಪ ಸ್ಪ್ಯಾನರ್ ಕೆಳಗಿಡುತ್ತಾರೆ. ಕಾಫಿ ತಣ್ಣಗಾಗುತ್ತದೆ. ಅದನ್ನು ಮುಟ್ಟದೆ ಚೀಲ ಕಟ್ಟಿಕೊಳ್ಳುತ್ತಾರೆ.

ಮೊಪೆಡ್ ಹತ್ತುವ ಮೊದಲು, ಗೇಟಿನ ಹೊರಗೆ, ಜೊತೆಗಿದ್ದ ನನಗೆ, ಹೇಳಲು ಇಷ್ಟವಿಲ್ಲದ್ದನ್ನು ಹೇಳುತ್ತಾರೆ. ಹೋದ ವರ್ಷದ ಯುಗಾದಿ ಕಳೆದ ಮೇಲೆ ಅರಂಗಸ್ವಾಮಿಯವರ ಲೇತಿಗೂ ಆ ಸ್ವಿಚ್ ಹಾಕಿದ್ದು ಇವರೇ. ಆಗ ತಮ್ಮ ಮಗಳ ಮದುವೆಯ ಓಡಾಟ. ತಲೆ ಕೆಲಸದ ಮೇಲಿರಲಿಲ್ಲ, ಛತ್ರದ ಮೇಲಿತ್ತು. ತಿರುಪು ಹಾಕಿದ್ದು ನೆನಪಿದೆ. ಕೊನೆಗೆ ಬಿಗಿ ಮಾಡಿದ್ದು ನೆನಪಿಲ್ಲ. ಅದಾದ ಕೆಲವೇ ದಿನಕ್ಕೆ ಚಕ್ ಬಿಚ್ಚಿಕೊಂಡು, ಬೆಡ್ಡಿಗೆ ಬಡಿದು ಪುಟಿದು, ಮೇಷ್ಟ್ರ ಬಲಗೈಯನ್ನು ಜಜ್ಜಿತು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

"ಆಸ್ಪತ್ರೆ ಗೇಟಿನವರೆಗೂ ಹೋದೆ. ಕಿತ್ತಳೆಹಣ್ಣು ತಗೊಂಡಿದ್ದೆ. ಒಳಗೆ ಹೋಗೋಕೆ ಕಾಲೇ ಬರಲಿಲ್ಲ. ಹಣ್ಣನ್ನ ಅಲ್ಲಿದ್ದ ಕಾವಲುಗಾರನ ಕೈಗೆ ಕೊಟ್ಟು ಬಂದುಬಿಟ್ಟೆ," ಎನ್ನುತ್ತಾರೆ. "ಮೇಷ್ಟ್ರು ಯಾರ ಹತ್ರವೂ ನನ್ನ ಹೆಸರು ಎತ್ತಲಿಲ್ಲ. ನನ್ನದೇ ತಪ್ಪು ಬಿಡಿ ಅಂದ್ರಂತೆ. ಅದನ್ನ ಕೇಳಿದ ಮೇಲೆ ಇನ್ನೂ ಸತ್ತೆ. ನಾಲ್ಕು ಜನರೆದುರಿಗೆ ಉಗಿದಿದ್ರೆ ಒರೆಸ್ಕೊಂಡು ಹೋಗ್ತಿದ್ದೆ. ಮುಚ್ಚಿಟ್ಟು ಕಾಪಾಡಿಬಿಟ್ರಲ್ಲ, ಯಾವ ಮುಖ ಇಟ್ಕೊಂಡು ಎದುರು ನಿಲ್ಲಲಿ?"

ಆಮೇಲಿನದು ಹೆಂಡತಿ ಪೂವಾತ್ತಾಳ್ ಹೇಳುವ ಮಾತು. ಇವರು ಊಟಕ್ಕೆ ಕೂತರೂ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರಂತೆ. ಯಾರ ಮನೆಯ ಕೆಲಸ ಮುಗಿಸಿ ಬಂದರೂ ಅರ್ಧ ದಾರಿಯಿಂದ ಹಿಂದೆ ಹೋಗಿ ತಿರುಪು ಮುಟ್ಟಿ ಬರುತ್ತಿದ್ದರಂತೆ. ಕೆಲಸ ಬಲ್ಲವನಿಗೆ ತನ್ನ ಕೈಯ ಮೇಲೇ ನಂಬಿಕೆ ಹೋದರೆ ಉಳಿಯುವುದೇನು?

ಸಿಂಗಾನಲ್ಲೂರಿನ ಆ ಬೀದಿಯ ತಿರುವಿನಲ್ಲಿ ಮೊಪೆಡ್ ಎರಡು ಸಲ ನಿಲ್ಲುತ್ತದೆ. ಮೂರನೆಯ ಸಲ ಗೇಟಿನ ಮುಂದೆ. ಬಾಗಿಲು ತೆಗೆದವರು ಮೇಷ್ಟ್ರ ಹೆಂಡತಿ ಸೌಂದರಮ್ಮಾಳ್.

"ಬಂದ್ಯಾ ಮಹರಾಯ? ದಾರಿ ನೆನಪಿತ್ತಾ?" ಎಂದು ಬಾಗಿಲಲ್ಲೇ ಶುರು ಮಾಡುತ್ತಾರೆ. "ಈ ಮನೇಲಿ ನೀನು ತಿಂದ ಇಡ್ಲಿ ಎಷ್ಟು, ಕುಡಿದ ಕಾಫಿ ಎಷ್ಟು. ಮನುಷ್ಯ ಕೈ ಮುರ್ಕೊಂಡು ಬಿದ್ದಿದ್ರೆ ಹೇಗಿದೀರಿ ಅನ್ನೋಕೆ ನಿನ್ನ ಬಾಯಿಗೇನು ಬೀಗ ಬಿದ್ದಿತ್ತಾ?"

ಚೆನ್ನಿಯಪ್ಪ ತಲೆ ತಗ್ಗಿಸಿ ನಿಂತಿದ್ದಾರೆ. ಬೈಗುಳ ಮುಗಿಯಲಿ ಎಂದಲ್ಲ, ಇನ್ನಷ್ಟು ಬರಲಿ ಎಂದು.

ಒಳಗಿನಿಂದ ಅರಂಗಸ್ವಾಮಿ ಬರುತ್ತಾರೆ. ಕೈಗಾರಿಕಾ ತರಬೇತಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಹುಡುಗರಿಗೆ ಲೇತ್ ಕಲಿಸಿದವರು. ಬಲಗೈಯನ್ನು ಹೆಗಲ ಮೇಲಿನ ಟವೆಲ್ಲಿನ ಕೆಳಗೆ ಸರಿಸಿಕೊಳ್ಳುತ್ತಾರೆ. ಅದನ್ನು ಕಂಡು ಚೆನ್ನಿಯಪ್ಪ ಚೀಲದಿಂದ ಒಂದು ಅಲ್ಯೂಮಿನಿಯಂ ಚಕ್ರ ತೆಗೆಯುತ್ತಾರೆ. ಊಟದ ತಟ್ಟೆಯಷ್ಟು ಅಗಲ.

"ಲೇತಿನ ಚಿಕ್ಕ ಹಿಡಿ ನಿಮ್ಮ ಕೈಗೆ ಸಿಗಲ್ಲ ಅಂತ ಕೇಳಿದ್ದೆ, ಮೇಷ್ಟ್ರೇ. ಇದನ್ನ ಅಂಗೈಯಲ್ಲಿ ತಳ್ಳಿದ್ರೂ ತಿರುಗುತ್ತೆ. ಮಾಡಿ ತುಂಬಾ ದಿನ ಆಯ್ತು. ತರೋಕೆ ಮುಖ ಇರಲಿಲ್ಲ. ಗುಜರಿಗೆ ಹಾಕಬೇಡಿ." ಒಂದು ಉಸಿರು ತೆಗೆದುಕೊಂಡು ಮತ್ತೆ, "ಅವತ್ತು ಆ ತಿರುಪು ನಾನು ಬಿಗಿ ಮಾಡಿರಲಿಲ್ಲ. ನೀವು ಬೈಯಲೇಬೇಕು," ಎನ್ನುತ್ತಾರೆ.

ಮೇಷ್ಟ್ರು ಚಕ್ರವನ್ನು ನೋಡುತ್ತಾರೆ, ಚೆನ್ನಿಯಪ್ಪನನ್ನು ನೋಡುತ್ತಾರೆ. ದೇವರ ಗೂಡಿನ ಹತ್ತಿರ ಹೋಗಿ, ಮುರುಗನ ಪಟದ ಹಿಂದಿನಿಂದ ಏನನ್ನೋ ತಂದು ಅಂಗೈ ಬಿಚ್ಚುತ್ತಾರೆ. ಹಿತ್ತಾಳೆ ಮೂತಿಯ ತಿರುಪು. ತಲೆಯ ಮೇಲೆ ಕುಂಕುಮ.

"ನೀನು ಬಿಗಿ ಮಾಡಿದ್ದೆ ಕಣಯ್ಯಾ. ಎಷ್ಟು ಬಿಗಿ ಅಂದ್ರೆ, ಬಿಚ್ಚೋಕೆ ಸ್ಪ್ಯಾನರ್ ಮೇಲೆ ಪೈಪ್ ಹಾಕಬೇಕಾಯ್ತು. ಚಕ್ ಬದಲಾಯಿಸ್ಬೇಕಿತ್ತು, ಬಿಚ್ಚಿದೆ. ಮತ್ತೆ ಹಾಕಲಿಲ್ಲ. ಒಂದೇ ನಿಮಿಷದ ಕೆಲಸ, ಆಮೇಲೆ ಹಾಕಿದ್ರಾಯ್ತು ಅಂದ್ಕೊಂಡೆ. ಇದನ್ನೇ ಮಾಡಿದ ಹುಡುಗರನ್ನ ಕ್ಲಾಸಿಂದ ಆಚೆ ನಿಲ್ಲಿಸಿದವನು ನಾನು. ಯಾರ ಹತ್ರ ಹೇಳಲಿ? ನನ್ನದೇ ತಪ್ಪು ಅಂದೆ, ಏನು ತಪ್ಪು ಅಂತ ಮಾತ್ರ ಹೇಳಲಿಲ್ಲ. ನೀನೂ ಬರಲಿಲ್ಲ. ನನ್ನ ದಡ್ಡತನ ನಿನಗೆ ಗೊತ್ತಾಗಿ, ಅಸಹ್ಯಪಟ್ಟುಕೊಂಡು ಬರ್ತಿಲ್ಲ ಅಂದ್ಕೊಂಡೆ."

"ಅಯ್ಯೋ ನಿಮ್ಮ," ಎಂದು ಸೌಂದರಮ್ಮಾಳ್ ಹಣೆ ಚಚ್ಚಿಕೊಳ್ಳುತ್ತಾರೆ. "ಯಾವುದೋ ಕ್ಷೇತ್ರದಿಂದ ತಂದದ್ದು ಅಂತ ಶುಕ್ರವಾರ ಶುಕ್ರವಾರ ಇದಕ್ಕೂ ಕುಂಕುಮ ಇಟ್ಟಿದೀನಲ್ಲ. ಗಂಡಸರ ಬುದ್ಧಿಗೆ ಬೆಂಕಿ ಹಾಕ."

ಚೆನ್ನಿಯಪ್ಪ ತಿರುಪನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹಿತ್ತಾಳೆಯ ಮೂತಿ ಒತ್ತಿ ಚಪ್ಪಟೆಯಾಗಿದೆ. ಸಡಿಲವಿದ್ದ ತಿರುಪು ಹಾಗಾಗುವುದಿಲ್ಲ. "ಹಾಗಾದ್ರೆ ಬಿಗಿ ಮಾಡಿದ್ದೆ," ಎನ್ನುತ್ತಾರೆ. ಮತ್ತೊಮ್ಮೆ, ಹೆಂಡತಿಗೆ ಹೇಳುವವರ ಹಾಗೆ, "ನಾನು ಬಿಗಿ ಮಾಡಿದ್ದೆ." ಮುಖವೆಲ್ಲ ಅರಳಿ, ತಡೆಯಲಾಗದೆ ಜೋರಾಗಿ ನಕ್ಕುಬಿಡುತ್ತಾರೆ. ನಗುತ್ತಿರುವಾಗಲೇ ಎದುರಿಗಿದ್ದ ಅಂಗೈ ಕಣ್ಣಿಗೆ ಬೀಳುತ್ತದೆ. ಎರಡು ಬೆರಳು ನೆಟ್ಟಗೆ, ಕಡ್ಡಿಯ ಹಾಗೆ ನಿಂತಿವೆ. ನಗು ಅಲ್ಲಿಗೇ ನಿಲ್ಲುತ್ತದೆ.

ಆಮೇಲೆ ಶೆಡ್ಡಿನ ಬಾಗಿಲು ತೆಗೆಯುತ್ತಾರೆ. ಲೇತಿನ ಮೇಲೆ ಹಳೆಯ ಸೀರೆ ಹೊದಿಸಿದೆ, ಬೆಡ್ಡಿನಲ್ಲಿ ಚಕ್ ಬಡಿದ ಹೊಂಡ ಹಾಗೇ ಇದೆ. ಚೆನ್ನಿಯಪ್ಪ ನೀಲಿ ಬಣ್ಣದ ಡಬ್ಬಿ ತೆರೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹೊಸ ಚಕ್ರ ಕೂತು, ಮೇಷ್ಟ್ರು ಅಂಗೈಯಿಂದ ಅದನ್ನು ತಳ್ಳಿ ನೋಡುತ್ತಾರೆ. ಹೊಂಡಕ್ಕೆ ಇನ್ನೂ ಕೆಲವು ದಿನದ ಕೆಲಸವಿದೆ. ಗುಜರಿಯವನಿಗೆ ಬರಬೇಡ ಎಂದು ಸೌಂದರಮ್ಮಾಳ್ ಫೋನು ಮಾಡುತ್ತಾರೆ.

ಮನೆಗೆ ಹೊರಟ ಚೆನ್ನಿಯಪ್ಪನನ್ನು ಕೇಳಿದರೆ, ಈಗ ಸಮಾಧಾನವೇ ಎಂದು, ಅವರು ಕೈಯ ನೀಲಿ ಒರೆಸಿಕೊಳ್ಳುತ್ತಾರೆ.

"ಅವರ ಕೈ ಹಾಗಿದೆ, ನಾನು ಅವರೆದುರಿಗೇ ನಕ್ಕುಬಿಟ್ಟೆ. ನನ್ನ ತಪ್ಪಲ್ಲ ಅಂತ ಗೊತ್ತಾದ ಸಂತೋಷಕ್ಕೆ ಆ ಬೆರಳೇ ಮರೆತುಹೋಯ್ತು. ಒಂದು ನಾಚಿಕೆ ಇಳಿಸಿ ಬರೋಣ ಅಂತ ಹೋದೆ, ಇನ್ನೊಂದು ಹೊತ್ಕೊಂಡು ಬಂದೆ," ಎನ್ನುತ್ತಾರೆ. "ಇರಲಿ. ಇದನ್ನ ಹೊತ್ಕೊಂಡು ನಾಳೆ ಅವರ ಮನೆಗೆ ಹೋಗಬಹುದು. ಆ ಹಳೇದನ್ನ ಹೊತ್ಕೊಂಡು ಹೋಗೋಕೆ ಆಗ್ತಿರಲಿಲ್ಲ."